ಅಜ್ಜಿಯ ನಿಯಮವನ್ನು ಸಿ ಕೋಡಿನಲ್ಲಿ ಹೂತಿಡಬೇಡಿ

ನೇರವಾಗಿ ವಿಷಯಕ್ಕೆ ಬರ್ತೀನಿ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ನಮ್ಮ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ. ಯಾರಿಗೂ ಬದಲಾಗದ ಲೆಕ್ಕವನ್ನೂ ಮನೆಯಿಂದ ಮನೆಗೆ ಬದಲಾಗುವ ನಿಯಮವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿಬಿಡ್ತಾರೆ. ಆಮೇಲೆ ಆ ಪಾತ್ರೆಯ ಮುಚ್ಚಳ ತೆಗೆಯೋಕೆ ಬರೋದು ಅವರೊಬ್ಬರಿಗೇ. ಅವರು ಕೆಲಸ ಬದಲಿಸಿ ಟೆಕ್ಸಸ್‌ಗೆ ಹೋದರೆ, ಅಥವಾ ಬೇಜಾರಾಗಿ ಕೈಬಿಟ್ಟರೆ, ಪಾತ್ರೆ ಶಾಶ್ವತವಾಗಿ ಮುಚ್ಚಿಹೋಯ್ತು ಅಂತಲೇ ಲೆಕ್ಕ.

ಈ ಬರಹದ ವಾದ ಇಷ್ಟೇ: ಬದಲಾಗುವ ನಿಯಮಗಳನ್ನು ಸಿ ಕೋಡಿನಿಂದ ಹೊರಗೆ ತನ್ನಿ. ಅವನ್ನು ಓದಿ ನಡೆಸುವುದಕ್ಕೆ ನಿಮ್ಮ ಪ್ರೋಗ್ರಾಮಿನೊಳಗೆ ಒಂದು ಪುಟ್ಟ, ಆದರೆ ನಿಜವಾದ ಭಾಷೆಯ ಇಂಟರ್‌ಪ್ರಿಟರ್ ಕೂರಿಸಿ. ನಿಮ್ಮದೇ ಅರೆಬೆಂದ ಭಾಷೆಯೊಂದನ್ನು ಹುಟ್ಟಿಸಬೇಡಿ.

ಇಂಟರ್‌ಪ್ರಿಟರ್ ಅಂದರೆ ಏನು ಅಂತ ಕೇಳುವವರಿಗೆ: ಸಿ ಪ್ರೋಗ್ರಾಮನ್ನು ಮೊದಲೇ ಯಂತ್ರದ ಭಾಷೆಗೆ ಇಳಿಸಿ ಕಟ್ಟಿಡಬೇಕು. ಇಂಟರ್‌ಪ್ರಿಟರ್ ಹಾಗಲ್ಲ. ಮುಂದಿಟ್ಟ ಪಠ್ಯವನ್ನು ಆಗಲೇ ಓದಿ, ಆಗಲೇ ಹೇಳಿದಂತೆ ನಡೆಸುತ್ತದೆ. ಆ ಪಠ್ಯವನ್ನು ಯಾರು ಬೇಕಾದರೂ ತೆರೆದು, ಒಂದು ಸಾಲು ತಿದ್ದಿ, ಮತ್ತೆ ಓಡಿಸಬಹುದು. "ಇದು ಸಾಫ್ಟ್‌ವೇರ್‌ನವರ ಒಳಜಗಳ, ನಮಗ್ಯಾಕೆ" ಅಂತ ಎದ್ದು ಹೋಗಬೇಡಿ. ಹಬ್ಬ ಯಾವತ್ತು ಅನ್ನುವ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ.

ಒಂದೇ ಆಕಾಶ, ಬೇರೆ ಬೇರೆ ಉತ್ತರ

ಪಂಚಾಂಗವನ್ನೇ ಉದಾಹರಣೆಗೆ ತಗೊಳ್ಳೋಣ. ಸಮರ್‌ಸೆಟ್, ಎಡಿಸನ್, ಬ್ರಿಡ್ಜ್‌ವಾಟರ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಫ್ರಿಜ್ ಪಕ್ಕ ಒಂದು ಕ್ಯಾಲೆಂಡರ್, ಫೋನಿನಲ್ಲಿ ಒಂದು ಆ್ಯಪ್, ಮೈಸೂರಿನಿಂದ ತಂದ ಒಂಟಿಕೊಪ್ಪಲ್ ಪಂಚಾಂಗ, ಇವು ಮೂರೂ ಇರುತ್ತವೆ. ಮೂರೂ ಮೂರು ಮಾತು ಹೇಳಿದಾಗ ಊರಿಗೆ ಫೋನು ಹೋಗುತ್ತದೆ.

ತಿಥಿಯ ಲೆಕ್ಕದಲ್ಲಿ ಜಗಳಕ್ಕೆ ಜಾಗ ಕಡಿಮೆ. ಸೂರ್ಯನಿಂದ ಚಂದ್ರ ಎಷ್ಟು ಡಿಗ್ರಿ ಮುಂದಿದ್ದಾನೆ ನೋಡಿ, 12ರಿಂದ ಭಾಗಿಸಿ, ತಿಥಿ ಸಿಕ್ಕಿತು. 30 ತಿಥಿಗೆ ಒಂದು ಚಾಂದ್ರಮಾಸ. ಸೂರ್ಯ ಚಂದ್ರರ ನಿಖರ ಸ್ಥಾನ ಕೊಡುವುದಕ್ಕೆ ಸ್ವಿಸ್ ಎಫೆಮೆರಿಸ್ ಎಂಬ ಸಿ ಲೈಬ್ರರಿ 1997ರಿಂದ ಇದೆ. ಅದು ಆಧರಿಸಿರುವುದು ನಾಸಾದ ಜೆಪಿಎಲ್ ಪ್ರಯೋಗಾಲಯದ ಗ್ರಹಸ್ಥಾನದ ಕೋಷ್ಟಕಗಳನ್ನು. ಇಂಥ ಕೆಲಸಕ್ಕೆ ಸಿ ಹೇಳಿ ಮಾಡಿಸಿದ ಭಾಷೆ. ಅದನ್ನು ಮುಟ್ಟಬೇಡಿ.

ಜಗಳ ಶುರುವಾಗುವುದು ಆಮೇಲೆ. ಈಗ ಬರುವ ಭಾಗವನ್ನು ಪಾಡ್‌ಕಾಸ್ಟ್‌ನಲ್ಲಿ ಕೇಳುತ್ತಿರುವವರು ಒಂದು ಕಾಗದ ತಗೊಳ್ಳಿ. ಬೇಸಿಗೆಯ ಒಂದು ವಾರ ಎಂದಿಟ್ಟುಕೊಳ್ಳಿ. ಭಾರತದಲ್ಲಿ ಬುಧವಾರ ಮಧ್ಯಾಹ್ನ 2 ಗಂಟೆಗೆ ಏಕಾದಶಿ ಶುರುವಾಗಿ ಗುರುವಾರ ಮಧ್ಯಾಹ್ನ 1 ಗಂಟೆಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ನಮಗೂ ಊರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅಂದರೆ ನ್ಯೂಜೆರ್ಸಿಯಲ್ಲಿ ಅದೇ ಏಕಾದಶಿ ಬುಧವಾರ ಬೆಳಗಿನ ಜಾವ 4:30ಕ್ಕೆ ಶುರುವಾಗಿ ಗುರುವಾರ ಬೆಳಗಿನ ಜಾವ 3:30ಕ್ಕೆ ಮುಗಿಯಿತು. ಸಮರ್‌ಸೆಟ್‌ನಲ್ಲಿ ಸೂರ್ಯೋದಯ 5:40 ಎಂದುಕೊಳ್ಳಿ.

ಒರಟಾಗಿ ಹೇಳುವುದಾದರೆ, ಸ್ಮಾರ್ತರಿಗೆ ಸೂರ್ಯೋದಯಕ್ಕೆ ಏಕಾದಶಿ ಇದ್ದರಾಯಿತು. ಮೈಸೂರಿನ ಸ್ಮಾರ್ತರ ಮನೆಯಲ್ಲಿ ಉಪವಾಸ ಗುರುವಾರ. ಸಮರ್‌ಸೆಟ್‌ನಲ್ಲಿ ಇರುವ ಅವರ ಮಗಳ ಮನೆಯಲ್ಲಿ, ಇಲ್ಲಿನ ಸೂರ್ಯೋದಯ ನೋಡಿದರೆ, ಬುಧವಾರ. ಮಾಧ್ವರ ನಿಯಮ ಬೇರೆ. ಅರುಣೋದಯದ ಹೊತ್ತಿಗೆ, ಅಂದರೆ ಸೂರ್ಯೋದಯಕ್ಕೆ 4 ಘಳಿಗೆ ಮೊದಲು, ದಶಮಿಯ ಸೋಂಕು ಇರಬಾರದು. ಒಂದು ಘಳಿಗೆಗೆ 24 ನಿಮಿಷ. ನಾಲ್ಕಕ್ಕೆ 96 ನಿಮಿಷ. 5:40ರಿಂದ 96 ನಿಮಿಷ ಹಿಂದೆ ಹೋದರೆ 4:04. ಆಗ ಇನ್ನೂ ದಶಮಿ. ಹಾಗಾಗಿ ಸಮರ್‌ಸೆಟ್‌ನ ಮಾಧ್ವರ ಮನೆಯಲ್ಲಿ ಉಪವಾಸ ಬುಧವಾರ ಅಲ್ಲ, ಗುರುವಾರ, ಸೂರ್ಯೋದಯಕ್ಕೆ ದ್ವಾದಶಿ ಬಂದಿದ್ದರೂ ಸರಿಯೇ.

ಆಕಾಶ ಒಂದೇ, ಚಂದ್ರ ಒಬ್ಬನೇ. ಊರು ಮತ್ತು ಸಂಪ್ರದಾಯ ಬದಲಾದ ಕೂಡಲೇ ಉತ್ತರ ಬದಲಾಯಿತು. ಇನ್ನೂ ಇದೆ. ಚಳಿಗಾಲದ ಉದ್ದದ ರಾತ್ರಿಯಲ್ಲೂ 4 ಘಳಿಗೆ ಅಂದರೆ 96 ನಿಮಿಷವೇನಾ, ಅಥವಾ ರಾತ್ರಿಯ ಉದ್ದಕ್ಕೆ ತಕ್ಕಂತೆ ಹಿಗ್ಗಬೇಕಾ? ದೃಗ್ಗಣಿತವಾ, ಸೂರ್ಯಸಿದ್ಧಾಂತವಾ? ಅಧಿಕಮಾಸ ಬಂದರೆ ಏನು? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಅಧಿಕಾರ ಪ್ರೋಗ್ರಾಮರ್‌ಗೆ ಇಲ್ಲ. ಅದು ಮಠಕ್ಕೆ, ಪುರೋಹಿತರಿಗೆ, ಮನೆಯ ಹಿರಿಯರಿಗೆ ಸೇರಿದ್ದು. ಹಾಗಿದ್ದೂ ಸಿ ಕೋಡಿನ ಸಾವಿರದ ಚಿಲ್ಲರೆ ಸಾಲಿನಲ್ಲೆಲ್ಲೋ ಒಂದು "ಇಫ್" ಬರೆದು, ಅದನ್ನು ಕಂಪೈಲ್ ಮಾಡಿ ಹಂಚಿದ ಮನುಷ್ಯ ಆ ಅಧಿಕಾರವನ್ನು ತನ್ನ ಜೇಬಿಗೆ ಹಾಕಿಕೊಂಡಂತೆ. ಬೇಕಂತ ಮಾಡಿದ್ದಲ್ಲ ನಿಜ. ಆದರೆ ಅಜ್ಜಿ "ನಮ್ಮ ಮನೇಲಿ ಹಾಗಲ್ಲಪ್ಪ" ಅಂದಾಗ ಆ್ಯಪ್ ಬದಲಾಗಲ್ಲ, ಬದಲಾಗೋದು ಮನೆಯ ಪದ್ಧತಿ. ಹತ್ತು ವರ್ಷ ಕಳೆದರೆ ಮೊಮ್ಮಕ್ಕಳಿಗೆ ಆ್ಯಪ್ ಹೇಳಿದ್ದೇ ಸಂಪ್ರದಾಯ. ನನ್ನ ಸಿಟ್ಟು ಇರುವುದು ಇಲ್ಲಿ.

"ಕಾನ್ಫಿಗ್ ಫೈಲ್ ಇಟ್ಟರೆ ಸಾಕಲ್ವಾ?"

ಸಾಕಾಗಲ್ಲ. ಯಾಕೆ ಅಂತ ಹಂತ ಹಂತವಾಗಿ ನೋಡಿ.

ಮೊದಲು ನೀವು ಒಂದು ಸರಳ ಫೈಲ್ ಇಡ್ತೀರಿ: ಸಂಪ್ರದಾಯ ಮಾಧ್ವ, ಊರು ಸಮರ್‌ಸೆಟ್. ಚೆನ್ನಾಗಿದೆ. ಮುಂದಿನ ತಿಂಗಳು ಯಾರೋ ಕೇಳ್ತಾರೆ, "ಇಂಥ ಹಬ್ಬಕ್ಕೆ ಸೂರ್ಯೋದಯ ಅಲ್ಲ, ಪ್ರದೋಷ ನೋಡಬೇಕು." ಅದಕ್ಕೊಂದು ಹೊಸ ಆಯ್ಕೆ. ಅದರ ಹಿಂದೆ, "ಎರಡೂ ದಿನ ಪ್ರದೋಷಕ್ಕೆ ತಿಥಿ ಇದ್ದರೆ?" ಅಂತ. ಈಗ ಫೈಲಿನಲ್ಲಿ "ಇದ್ದರೆ" ಎಂಬ ಮಾತು ಬೇಕಾಯಿತು. ಆಮೇಲೆ "ಮತ್ತು", "ಅಥವಾ". ಆಮೇಲೆ ಒಂದು ಬೆಲೆಯನ್ನು ಹೆಸರಿಟ್ಟು ನೆನಪಿಡುವುದು. ಎರಡು ವರ್ಷ ಕಳೆಯುವುದರಲ್ಲಿ ನಿಮ್ಮ ಕಾನ್ಫಿಗ್ ಫೈಲ್ ಒಂದು ಭಾಷೆಯೇ ಆಗಿಹೋಗಿರುತ್ತದೆ. ಆದರೆ ಅದಕ್ಕೆ ಪುಸ್ತಕವಿಲ್ಲ, ತಪ್ಪಾದರೆ ಯಾವ ಸಾಲು ಅಂತ ಹೇಳುವ ಸೌಜನ್ಯವಿಲ್ಲ, ಜಗತ್ತಿನಲ್ಲಿ ಅದನ್ನು ಬಲ್ಲವರು ನೀವೊಬ್ಬರೇ. ದೊಡ್ಡ ಸಿ ಪ್ರೋಗ್ರಾಂ ಪ್ರತಿಯೊಂದರೊಳಗೂ ಅರ್ಧ ಲಿಸ್ಪ್ ಭಾಷೆ ಕೆಟ್ಟದಾಗಿ ಅಡಗಿ ಕೂತಿರುತ್ತದೆ ಎನ್ನುವ ಅರ್ಥದ ಹಳೆಯ ಕುಹಕ ಈ ಕಸುಬಿನಲ್ಲಿದೆ. ಗ್ರೀನ್‌ಸ್ಪನ್ನನ ಹತ್ತನೇ ನಿಯಮ ಅಂತ ಅದಕ್ಕೆ ಹೆಸರು. ಕುಹಕವಾದರೂ ಸತ್ಯ.

ಇದು ಹೊಸ ಕಾಯಿಲೆ ಅಲ್ಲ. ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಚಿಪ್ ವಿನ್ಯಾಸಕ್ಕೆ ಹಲವು ಸಾಧನಗಳನ್ನು ಬರೆದರು. ಪ್ರತಿ ಸಾಧನಕ್ಕೂ ಅವಸರದಲ್ಲಿ ಕಟ್ಟಿದ, ಒಂದಕ್ಕೊಂದು ಹೊಂದದ, ಕೈಲಾಗದ ಕಮಾಂಡ್ ಭಾಷೆ. ಅದರಿಂದ ರೋಸಿಹೋಗಿ 1988ರಲ್ಲಿ ಅವರು ಟಿಕಲ್ ಭಾಷೆ ಕಟ್ಟಲು ಕೂತರು: ಯಾವ ಸಿ ಪ್ರೋಗ್ರಾಮಿನೊಳಗೂ ಕೂರಿಸಬಹುದಾದ ಲೈಬ್ರರಿ. 1994ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅದರ ಮೇಲೆ ಹರಿಹಾಯ್ದರು. ಒಳಗೆ ಕೂರಿಸುವ ಭಾಷೆ ಪೂರ್ಣಪ್ರಮಾಣದ ಭಾಷೆಯೇ ಆಗಿರಬೇಕು, ಟಿಕಲ್ ಅಷ್ಟು ಗಟ್ಟಿ ಇಲ್ಲ ಎಂಬುದು ಅವರ ತಕರಾರು. ಆ ಜಗಳದ ಬೆನ್ನಿಗೇ ಗ್ನೂ ಯೋಜನೆಯ ಗೈಲ್ ಬಂತು. ಗಮನಿಸಿ, ಇಬ್ಬರೂ ಜಗಳವಾಡಿದ್ದು ಯಾವ ಭಾಷೆ ಕೂರಿಸಬೇಕು ಎಂದು. ಕೂರಿಸಬೇಕೋ ಬೇಡವೋ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಮರ್ರೇ ಹಿಲ್ ಪಕ್ಕದಲ್ಲೇ ಇದೆ

ಸಮರ್‌ಸೆಟ್‌ನಲ್ಲಿ ಕೂತು ಈ ವಾದ ಮಾಡೋದಕ್ಕೆ ಒಂದು ಬೇರೆ ರುಚಿ ಇದೆ. ಇಲ್ಲಿಂದ 287, ಆಮೇಲೆ 78 ಹಿಡಿದರೆ ಅರ್ಧ ಗಂಟೆ ಚಿಲ್ಲರೆಗೆ ಮರ್ರೇ ಹಿಲ್. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದ ಜಾಗ. 2023ರ ಡಿಸೆಂಬರ್‌ನಲ್ಲಿ ನೋಕಿಯಾ ಆ ಪ್ರಯೋಗಾಲಯವನ್ನು ನ್ಯೂ ಬ್ರನ್ಸ್‌ವಿಕ್‌ಗೆ ತರುವುದಾಗಿ ಘೋಷಿಸಿತು. ಅಂದರೆ ನಮ್ಮ ಪಕ್ಕದ ಊರಿಗೇ. ಸಿ ಹುಟ್ಟಿದ ಮನೆಯಲ್ಲೇ 1977ರಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಗನ್ ಸೇರಿ ಆಕ್ ಎಂಬ ಪುಟ್ಟ ಭಾಷೆ ಮಾಡಿದರು. ಸಿಯಲ್ಲಿ ಪುಟಗಟ್ಟಲೆ ಆಗುವ ಕೆಲಸ ಅದರಲ್ಲಿ ಎರಡು ಸಾಲು. ಸಿ ಒಂದರಲ್ಲೇ ಎಲ್ಲವನ್ನೂ ಬರೆಯಬೇಕು ಎಂಬ ಹಟ ಸಿ ಮಾಡಿದವರಿಗೇ ಇರಲಿಲ್ಲ. ಆ ಹಟ ಬಂದಿರುವುದು ನಮಗೆ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಪರೀಕ್ಷೆಯ ಫಲವಾಗಿ.

ಆದರೆ ಇವತ್ತು ಸಿ ಒಳಗೆ ಕೂರಿಸಲು ನನ್ನ ಆಯ್ಕೆ ನ್ಯೂಜೆರ್ಸಿಯದ್ದಲ್ಲ, ಬ್ರೆಜಿಲ್‌ನದ್ದು: ಲುವಾ. 1993ರಲ್ಲಿ ರಿಯೊ ಡಿ ಜನೈರೋದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಯೆರುಸಲಿಮ್‌ಸ್ಕಿ, ಲೂಯಿಜ್ ಎನ್ರಿಕೆ ಡಿ ಫಿಗೆರೆಡೊ, ವಾಲ್ಡೆಮರ್ ಸೆಲೆಸ್ ಎಂಬ ಮೂವರು ಕಟ್ಟಿದ್ದು. ಅದಕ್ಕೂ ಮೊದಲು ಪೆಟ್ರೊಬ್ರಾಸ್ ತೈಲ ಕಂಪನಿಗೆ ಅವರ ತಂಡ ಎರಡು ಚಿಕ್ಕ ಭಾಷೆ ಮಾಡಿಕೊಟ್ಟಿತ್ತು. ಬಳಸುವವರು ತೈಲದ ಇಂಜಿನಿಯರ್‌ಗಳು, ವೃತ್ತಿಪರ ಪ್ರೋಗ್ರಾಮರ್‌ಗಳಲ್ಲ. ಅವರು ದಿನದಿನಕ್ಕೂ "ಇದ್ದರೆ" ಬೇಕು, ಲೂಪ್ ಬೇಕು ಅಂತ ಕೇಳತೊಡಗಿದಾಗ ತಂಡಕ್ಕೆ ಅರ್ಥವಾಯಿತು: ಎರಡು ಅರೆಬರೆ ಭಾಷೆಗಿಂತ ಒಂದು ನಿಜವಾದ ಭಾಷೆ ಮೇಲು. ಮೇಲೆ ಹೇಳಿದ ಕಾನ್ಫಿಗ್ ಫೈಲಿನ ಕತೆಯೇ ಇದು. ಅವರು ಬೇಗ ಎಚ್ಚೆತ್ತರು ಅಷ್ಟೆ. ಮೊದಲ ಭಾಷೆಗಳಲ್ಲಿ ಒಂದರ ಹೆಸರು ಸೋಲ್, ಪೋರ್ಚುಗೀಸಿನಲ್ಲಿ ಸೂರ್ಯ. ಹಾಗಾಗಿ ಹೊಸದಕ್ಕೆ ಲುವಾ, ಅಂದರೆ ಚಂದ್ರ. ಪಂಚಾಂಗಕ್ಕೆ ಇನ್ನೇನು ಬೇಕು?

ಲುವಾದ ಪೂರ್ತಿ ಸೋರ್ಸ್ ಸುಮಾರು 30,000 ಸಾಲು ಸಿ. ಕಟ್ಟಿದ ಮೇಲೆ ಅರ್ಧ ಎಂಬಿಗಿಂತ ಚಿಕ್ಕದು. ಲೈಸೆನ್ಸ್ ಎಂಐಟಿ, ಯಾರನ್ನೂ ಕೇಳಬೇಕಿಲ್ಲ. ರೆಡಿಸ್, ನಿಯೋವಿಮ್, ವೈರ್‌ಶಾರ್ಕ್, ಅಡೋಬಿ ಲೈಟ್‌ರೂಮ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇವೆಲ್ಲದರ ಒಳಗೂ ಅದು ಕೂತಿದೆ. ನಿಮ್ಮ ಮಗ ಆಡುವ ರೋಬ್ಲಾಕ್ಸ್‌ನ ಭಾಷೆ ಲುವಾವು ಲುವಾದಿಂದಲೇ ಕವಲೊಡೆದದ್ದು. ಅವನಿಗೆ ಸಿ ಬರದಿರಬಹುದು. ಆದರೆ ನಿಮ್ಮ ನಿಯಮದ ಫೈಲ್ ಓದೋಕೆ ಅವನು ಆಗಲೇ ಸಿದ್ಧ.

ಬಾಗಿಲು ಚಿಕ್ಕದಿರಲಿ

ಮಾಡುವುದು ಹೇಗೆ? ಐದು ಹೆಜ್ಜೆ. ಸಿ ಪ್ರೋಗ್ರಾಂ ಶುರುವಾದಾಗ ಒಂದು ಲುವಾ ಸ್ಟೇಟ್ ತೆರೆಯಿರಿ. ನಿಮ್ಮ ಸಿ ಫಂಕ್ಷನ್‌ಗಳಲ್ಲಿ ಬೇಕಾದ ಕೆಲವನ್ನು ಮಾತ್ರ ಅದಕ್ಕೆ ಪರಿಚಯಿಸಿ. ನಿಯಮದ ಫೈಲನ್ನು ಲೋಡ್ ಮಾಡಿ. ವರ್ಷದ ಒಂದೊಂದು ದಿನಕ್ಕೂ ಆ ಫೈಲಿನಲ್ಲಿರುವ ನಿಯಮವನ್ನು ಕರೆಯಿರಿ. ಕೊನೆಗೆ ಸ್ಟೇಟ್ ಮುಚ್ಚಿ.

ಎರಡೂ ಕಡೆಯ ಮಾತುಕತೆ ನಡೆಯುವುದು ಒಂದು ಸ್ಟ್ಯಾಕ್ ಮೂಲಕ. ಊಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ: ಸಿ ಮೇಲೊಂದು ಬೆಲೆ ಇಡುತ್ತದೆ, ಲುವಾ ತೆಗೆದುಕೊಳ್ಳುತ್ತದೆ, ಲುವಾ ಉತ್ತರ ಇಡುತ್ತದೆ, ಸಿ ಎತ್ತಿಕೊಳ್ಳುತ್ತದೆ. ಹೊಸಬರು ಎಡವೋದು ಇಲ್ಲೇ. ಇಟ್ಟಷ್ಟು ತೆಗೆಯದಿದ್ದರೆ ತಟ್ಟೆಗಳ ಗೋಪುರ ಬೆಳೆಯುತ್ತಲೇ ಹೋಗುತ್ತದೆ. ಇನ್ನೊಂದು ಮಾತು: ನಿಯಮವನ್ನು ಕರೆಯುವಾಗ ಯಾವತ್ತೂ ರಕ್ಷಿತ ಕರೆ ಬಳಸಿ, ಅಂದರೆ ಪಿ-ಕಾಲ್. ಬರೀ ಕಾಲ್ ಬಳಸಿದರೆ ಅಜ್ಜಿಯ ನಿಯಮದಲ್ಲಿ ಒಂದು ಫಂಕ್ಷನ್ನಿನ ಹೆಸರು ತಪ್ಪಿದ್ದಕ್ಕೆ ಪ್ರೋಗ್ರಾಂ ಪೂರ್ತಿ ಸತ್ತುಬೀಳುತ್ತದೆ. ಪಿ-ಕಾಲ್ ಆದರೆ ಇಂಥ ಫೈಲಿನ ಇಂಥ ಸಾಲಿನಲ್ಲಿ ತಪ್ಪಿದೆ ಅಂತ ಹೇಳಿ ಮುಂದೆ ಹೋಗಬಹುದು.

ಪರಿಚಯಿಸುವ ಫಂಕ್ಷನ್‌ಗಳು ಎಷ್ಟಿರಬೇಕು? ಪಂಚಾಂಗಕ್ಕೆ ಆರು ಸಾಕು: ಈ ಕ್ಷಣದ ತಿಥಿ, ನಕ್ಷತ್ರ, ಮಾಸ, ಈ ಊರಿನ ಸೂರ್ಯೋದಯ, ಸೂರ್ಯಾಸ್ತ, ಮತ್ತು ತಿಥಿ ಶುರುವಾಗುವ ಕ್ಷಣ. ಸೂರ್ಯಸಿದ್ಧಾಂತದ ಲೆಕ್ಕ ಬೇಕೆನ್ನುವವರಿಗೆ ಇನ್ನೊಂದು ಜೊತೆ. ಅಷ್ಟೇ. ಇಡೀ ಸಿ ಲೈಬ್ರರಿಯನ್ನೇ ಆಚೆ ತಂದು ಹರವಿದರೆ ನಾಳೆ ಒಳಗಡೆ ಒಂದು ಹೆಸರು ಬದಲಿಸಿದರೂ ಎಲ್ಲರ ನಿಯಮವೂ ಕೆಡುತ್ತದೆ. ಆಗ ಅರುಣೋದಯದ ನಿಯಮ ಹೇಗಿರುತ್ತದೆ ಗೊತ್ತಾ? ಸೂರ್ಯೋದಯದಿಂದ 96 ನಿಮಿಷ ಕಳೆ, ಆ ಕ್ಷಣದ ತಿಥಿ ದಶಮಿಯಾದರೆ ನಾಳೆ ಎನ್ನು, ಇಲ್ಲದಿದ್ದರೆ ಇಂದು ಎನ್ನು. ನಾಲ್ಕೈದು ಸಾಲು. ಪುರೋಹಿತರಿಗೆ ಓದಿ ಹೇಳಿ "ಸರೀನಾ ಆಚಾರ್ರೇ?" ಅಂತ ಕೇಳಬಹುದು. ಸಿ ಕೋಡಿನೊಳಗಿನ "ಇಫ್" ತೋರಿಸಿ ಆ ಪ್ರಶ್ನೆ ಕೇಳೋಕೆ ಆಗುತ್ತಾ?

ವೇಗದ ಬಗ್ಗೆ ಕೊರಗಬೇಡಿ. 365 ದಿನ, 50 ನಿಯಮ ಅಂದರೂ 18,250 ಸಲ ಕರೆದಂತಾಯಿತು. ಲ್ಯಾಪ್‌ಟಾಪಿಗೆ ಅದು ಲೆಕ್ಕಕ್ಕೇ ಇಲ್ಲ. ಭಾರದ ಕೆಲಸ ಚಂದ್ರನ ಸ್ಥಾನ ಹುಡುಕುವುದು. ಅದು ಸಿಯಲ್ಲೇ ಉಳಿಯಿತಲ್ಲ.

ಎದುರುವಾದಗಳಲ್ಲಿ ಎರಡಕ್ಕೆ ಬೆಲೆ ಇದೆ

ಮೊದಲನೆಯದು: "ಎಲ್ಲವನ್ನೂ ಪೈಥಾನ್‌ನಲ್ಲೇ ಬರೆದು, ಸಿ ಲೈಬ್ರರಿಯನ್ನು ಅದರಿಂದ ಕರೆದರಾಯಿತಲ್ಲ?" ನಿಮ್ಮ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪಿನಲ್ಲಷ್ಟೇ ಓಡುವುದಾದರೆ ಹಾಗೇ ಮಾಡಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಫೋನಿನ ಆ್ಯಪ್‌ಗೆ, ದೇವಸ್ಥಾನದ ಗೋಡೆಯ ಪರದೆಗೆ, ಇನ್ನೊಬ್ಬರ ಪ್ರೋಗ್ರಾಮಿನೊಳಗೆ ಸೇರಿಸುವುದಕ್ಕೆ ಪೈಥಾನ್ ದೊಡ್ಡ ಸಂಸಾರ. ತನ್ನ ಗಂಟುಮೂಟೆಯೆಲ್ಲ ಹೊತ್ತು ಬರುತ್ತದೆ. ಲುವಾ ಅತಿಥಿಯಾಗಿ ಬದುಕಲೆಂದೇ ಹುಟ್ಟಿದ್ದು.

ಎರಡನೆಯದು ಭದ್ರತೆ. ಇದನ್ನು ಹಗುರವಾಗಿ ತಗೋಬೇಡಿ. ಇನ್ನೊಬ್ಬರು ಬರೆದ ನಿಯಮದ ಫೈಲನ್ನು ನಿಮ್ಮ ಯಂತ್ರದಲ್ಲಿ ಓಡಿಸುವುದು ಅಂದರೆ ಅಪರಿಚಿತರನ್ನು ಅಡುಗೆಮನೆಯವರೆಗೂ ಬಿಟ್ಟಂತೆ. ರೆಡಿಸ್ 2012ರಲ್ಲಿ ಲುವಾ ಒಳಗೆ ತಂದಿತು. 2022ರಲ್ಲಿ ಡೆಬಿಯನ್ ಮತ್ತು ಉಬುಂಟು ಅದನ್ನು ಕಟ್ಟಿದ ರೀತಿಯಿಂದ ಬೇಲಿಯಲ್ಲಿ ಒಂದು ತೂತು ಉಳಿದದ್ದು ಬಯಲಾಯಿತು. "ಪ್ಯಾಕೇಜ್" ಎಂಬ ಒಂದೇ ಹೆಸರು ಒಳಗೆ ಉಳಿದಿದ್ದಕ್ಕೆ ಸ್ಕ್ರಿಪ್ಟ್ ಬರೆದವರು ಇಡೀ ಸರ್ವರ್ ಹಿಡಿಯಬಹುದಿತ್ತು. ಹಾಗಾಗಿ ಬೇಲಿ ಹಾಕಿ. ಫೈಲು ತೆರೆಯುವ, ಆಪರೇಟಿಂಗ್ ಸಿಸ್ಟಮ್ ಮುಟ್ಟುವ ಲೈಬ್ರರಿಗಳನ್ನು ಕೊಡಲೇಬೇಡಿ. ಪಠ್ಯರೂಪದ ನಿಯಮ ಮಾತ್ರ ಸ್ವೀಕರಿಸಿ. ಮೊದಲೇ ಕಂಪೈಲ್ ಆದ ಬೈಟ್‌ಕೋಡ್ ಬೇಡ. ಮೆಮೊರಿಗೆ ಮಿತಿ ಇಡಿ. ಇಷ್ಟು ಹೆಜ್ಜೆ ಮೀರಿದರೆ ನಿಲ್ಲಿಸು ಅನ್ನುವ ಹುಕ್ ಇಡಿ, ಕೊನೆಯಿಲ್ಲದ ಲೂಪಿಗೆ ಅದೇ ಮದ್ದು. ಇವೆಲ್ಲಕ್ಕೂ ಲುವಾದಲ್ಲಿ ದಾರಿ ಇದೆ. ನೀವೇ ಹುಟ್ಟಿಸಿದ ಭಾಷೆಗೆ ಇಷ್ಟೂ ಬೇಲಿ ನೀವೇ ನೆಯ್ಯಬೇಕು ಅನ್ನೋದು ಮರೀಬೇಡಿ.

ನಿಯಮ ಕನ್ನಡದಲ್ಲೇ ಇರಲಿ

ಈಗ ಈ ವಾದದ ಕೊನೆಯ, ನನಗೆ ಬಹಳ ಮುಖ್ಯವಾದ ಭಾಗ. ನಿಯಮ ಹೊರಗೆ ಬಂದರೆ ಸಾಲದು, ಅದು ನಮ್ಮ ಮಾತಿನಲ್ಲಿರಬೇಕು.

ಲುವಾ 5.4ರ ಸೋರ್ಸ್‌ನಲ್ಲಿ ಲುವಾ-ಯುಸಿಐಡಿ ಎಂಬ ಒಂದು ಮ್ಯಾಕ್ರೋ ಇದೆ. ಅದನ್ನು ಹಚ್ಚಿ ಕಂಪೈಲ್ ಮಾಡಿದರೆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ನಿಮ್ಮ ಆರು ಫಂಕ್ಷನ್‌ಗಳ ಹೆಸರು ತಿಥಿ, ನಕ್ಷತ್ರ, ಮಾಸ, ಉದಯ, ಅಸ್ತ, ಆರಂಭ. "ಇಫ್", "ರಿಟರ್ನ್" ಇಂಗ್ಲಿಷಿನಲ್ಲೇ ಉಳಿಯುತ್ತವೆ, ಉಳಿಯಲಿ. ಹನ್ನೆರಡು ವರ್ಷದ ಹುಡುಗಿಗೆ "ಇಫ್" ಹೊಸದಲ್ಲ. ಅವಳಿಗೆ ಹೊಸದು "ಅರುಣೋದಯ". ಅದನ್ನು ಬೆರಳಿನಿಂದ ಟೈಪ್ ಮಾಡಿ, ಅದಕ್ಕೊಂದು ಬೆಲೆ ಕೊಟ್ಟು, ತಪ್ಪಾದಾಗ ತಿದ್ದಿ ಕಲಿತರೆ ಮರೆಯೋದಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ಹತ್ತು ಸಲ ಕಾಪಿ ಬರೆಸಿದರೂ ನಿಲ್ಲದ ಪದ ಹೀಗೆ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಲುವಾಗೆ ಪದ ಅಂದರೆ ಬೈಟ್‌ಗಳ ಸಾಲು. "ಕನ್ನಡ" ಎಷ್ಟು ಉದ್ದ ಅಂತ ಕೇಳಿದರೆ 15 ಅನ್ನುತ್ತದೆ. ಯುಟಿಎಫ್-8 ಲೈಬ್ರರಿಯಿಂದ ಕೇಳಿದರೆ 5. ನಮ್ಮ ಕಣ್ಣಿಗೆ ಕಾಣೋದು ಮೂರೇ ಅಕ್ಷರ: ಕ, ನ್ನ, ಡ. ಹಳೆಯ ಆಕ್‌ಗೂ ಇದೇ ಕಷ್ಟವಿತ್ತು. ಕರ್ನಿಗನ್ ತಮ್ಮ ಎಂಬತ್ತರ ವಯಸ್ಸಿನಲ್ಲಿ ಕೂತು ಅದಕ್ಕೆ ಯೂನಿಕೋಡ್ ಸೇರಿಸಿದರು. ಆದ್ದರಿಂದ ಕನ್ನಡ ಪಠ್ಯವನ್ನು ಕತ್ತರಿಸುವ, ಎಣಿಸುವ ಕೆಲಸವನ್ನು ನಿಯಮದ ಫೈಲಿಗೆ ಬಿಡಬೇಡಿ. ಅದು ಸಿ ಕಡೆಯ ಜವಾಬ್ದಾರಿ.

ನಿಯಮವನ್ನು ಸಿಯಿಂದ ಹೊರಗಿಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ಲಿನಕ್ಸ್‌ನಲ್ಲಿ ಕೆಜಿಪಿ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರು ಬಳಸುವ ಎಂ17ಎನ್ ಲೈಬ್ರರಿ ಸಿಯಲ್ಲಿದೆ. ಆದರೆ ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬ ನಿಯಮ ಬೇರೆಯೇ ಒಂದು ಪಠ್ಯದ ಫೈಲಿನಲ್ಲಿದೆ. ಸಿ ಬರದ ಕನ್ನಡಿಗ ಅದನ್ನು ತೆರೆದು ನೋಡಬಹುದು, ತಿದ್ದಬಹುದು. ಆ ಲೈಬ್ರರಿ ಬರೆದ ಜಪಾನಿನವರು ನಮ್ಮ ಒತ್ತಕ್ಷರದ ತೀರ್ಮಾನವನ್ನು ತಮ್ಮ ಸಿ ಕೋಡಿನಲ್ಲಿ ಹೂಳಲಿಲ್ಲ, ನಮಗೇ ಬಿಟ್ಟರು. ನಮ್ಮವರು ನಮ್ಮ ಮನೆಗಳಿಗೆ ಅಷ್ಟು ಮರ್ಯಾದೆ ಕೊಡಬಾರದಾ?

ಹಾಗಾಗಿ ಮುಂದಿನ ಸಲ ಪಂಚಾಂಗವೋ, ಕೂಟದ ಸದಸ್ಯತ್ವದ ಲೆಕ್ಕವೋ, ಮಕ್ಕಳ ಕನ್ನಡ ಆಟವೋ ಸಿಯಲ್ಲಿ ಬರೆಯಲು ಕೂತಾಗ, ಪ್ರತಿ "ಇಫ್" ಮುಂದೆ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದು ಆಕಾಶದ ಲೆಕ್ಕವಾ, ಯಾರದೋ ಮನೆಯ ನಿಯಮವಾ? ಆಕಾಶದ್ದಾದರೆ ಸಿಯಲ್ಲಿರಲಿ. ಮನೆಯದ್ದಾದರೆ ಆ ಮನೆಯವರಿಗೆ ವಾಪಸ್ ಕೊಡಿ. ಒಂದು ಪುಟ್ಟ ಫೈಲಿನಲ್ಲಿ, ಅವರು ಓದಬಲ್ಲ ಹೆಸರುಗಳಲ್ಲಿ, ತಿದ್ದಲು ಬರುವ ಹಾಗೆ ಕೊಡಿ. ನೀವು ಊರು ಬಿಟ್ಟು ಹೋದ ಮೇಲೂ ಹಬ್ಬಗಳು ಬರುತ್ತಲೇ ಇರುತ್ತವೆ.